ಫ್ರೆಟ್‌ಲೆಸ್ ಬೇಸ್ ಮಬ್ಬಾಗಿ ಕೇಳ್ತಿದ್ರೆ ಬೇಸ್ ನಾಬ್ ಮುಟ್ಬೇಡಿ

ಮುಂಬೈ ಸುತ್ತ ಮಾಟುಂಗ, ಡೊಂಬಿವ್ಲಿ ಕಡೆ ಕನ್ನಡ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸೋ ಹುಡುಗ್ರು ನನ್ನ ಕೇಳೋದು ಯಾವಾಗ್ಲೂ ಇದೇ, ಮನೇಲಿ ಫ್ರೆಟ್‌ಲೆಸ್ (ನೆಕ್ ಮೇಲೆ ಲೋಹದ ಪಟ್ಟಿ, ಅಂದ್ರೆ ಫ್ರೆಟ್, ಇಲ್ಲದ ಬೇಸ್ ಗಿಟಾರ್) ಎಷ್ಟ್ ಚೆನ್ನಾಗಿರುತ್ತೆ, ಸ್ಟೇಜ್ ಮೇಲೆ ಡ್ರಮ್ಸು ಕೀಬೋರ್ಡು ಶುರುವಾದ್ ತಕ್ಷಣ ಎಲ್ಲೋ ಮುಳುಗಿಹೋಗುತ್ತೆ ಅಂತ. ಆಗ ಎಲ್ರೂ ತಗ್ಗು ದನಿ ಹೆಚ್ಚಿಸೋ ಬೇಸ್ ನಾಬ್ ಏರಿಸ್ತಾರೆ, ಅದ್ರಿಂದ ಇನ್ನಷ್ಟು ಕಲಸೋಗುತ್ತೆ ಅಷ್ಟೇ.

ಮೊದ್ಲು ಎಡಗೈ. ಫ್ರೆಟ್ ಇದ್ರೆ ತಂತಿ ಲೋಹದ ಮೇಲೆ ಕೂರುತ್ತೆ, ಇಲ್ಲಿ ಆ ಕೆಲ್ಸ ನಿಮ್ಮ ಬೆರಳೇ ಮಾಡ್ಬೇಕು, ಬೆರಳಿನ ಮೆತ್ತನೆ ಭಾಗದಲ್ಲಿ ಒತ್ತಿದ್ರೆ ಅಟ್ಯಾಕ್, ಅಂದ್ರೆ ಮೀಟಿದ ಮೊದಲ ಏಟಿನ ಚುರುಕು, ಎಲ್ಲಾ ಅಲ್ಲೇ ಹೀರ್ಕೊಂಡ್ಬಿಡುತ್ತೆ. ಉಗುರು ಗಿಡ್ಡ ಮಾಡ್ಕೊಂಡು ತುದಿಯಿಂದ ಗಟ್ಟಿಯಾಗಿ ಒತ್ತಿ, ಫ್ರೆಟ್ ಜಾಗ ತೋರಿಸೋ ಗೆರೆ ಹಿಂದೆ ಅಲ್ಲ, ಸರಿಯಾಗಿ ಗೆರೆ ಮೇಲೇ. ಶ್ರುತಿ ಒಂಚೂರು ಆಚೀಚೆ ಆದ್ರೂ ಕೀಬೋರ್ಡ್ ಜೊತೆ ಮಬ್ಬಾಗೇ ಕೇಳುತ್ತೆ, ಜನ ಅದನ್ನ ಟೋನ್ ಪ್ರಾಬ್ಲಂ ಅಂದ್ಕೋತಾರೆ. ಡಿ ತಂತಿ ಮೇಲೆ ಐದನೇ ಗೆರೇಲಿ ಒತ್ತಿ, ಪಕ್ಕದ ಜಿ ತಂತಿ ಓಪನ್ ಬಿಟ್ಟು ಎರಡೂ ಒಟ್ಟಿಗೆ ನುಡಿಸಿ, ಶಬ್ದ ಅಲೆ ಅಲೆಯಾಗಿ ತೂಗಾಡಿದ್ರೆ ಬೆರಳು ಸರಿಸಿ, ಅಲೆ ನಿಲ್ಲೋ ಜಾಗ ಕೈಗೆ ಗೊತ್ತಾಗ್ಲಿ.

ಬಲಗೈಯನ್ನ ಬ್ರಿಜ್ ಹತ್ರ, ಅಂದ್ರೆ ಬಾಡಿ ಮೇಲೆ ತಂತಿ ಕೂರೋ ಪಟ್ಟಿ ಹತ್ರ ತನ್ನಿ. ಪಂಚ್ ಇರೋದು ಅಲ್ಲೇ, ಬೇರೆ ಎಲ್ಲೂ ಹುಡುಕ್ಬೇಡಿ. ಎರಡು ಪಿಕಪ್ (ತಂತಿ ಅದುರೋದನ್ನ ಹಿಡಿಯೋ ಭಾಗ) ಇರೋ ಜ್ಯಾಝ್ ಬೇಸ್ ತರದ್ದಾದ್ರೆ ಬ್ರಿಜ್ ಪಿಕಪ್ ಪೂರ್ತಿ, ನೆಕ್ ಪಿಕಪ್ ಸ್ವಲ್ಪ, ಎರಡೂ ಫುಲ್ ಇಟ್ರೆ ಮಿಡ್ಸ್ (ನಡುವಿನ ದನಿ) ತಗ್ಗುತ್ತೆ. ಫ್ರೆಟ್‌ಲೆಸ್‌ಗೆ ಹೆಸರಾದ ಅಮೆರಿಕನ್ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್‌ನ ಗುರುಗುಟ್ಟೋ ದನಿ ಬಂದಿದ್ದು ಬ್ರಿಜ್ ಪಿಕಪ್, ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ) ತಂತಿ, ಎಪಾಕ್ಸಿ (ಗಟ್ಟಿಯಾಗೋ ರಾಳ) ಬಳಿದ ಫಿಂಗರ್‌ಬೋರ್ಡ್, ಅದಕ್ಕಿಂತ ಹೆಚ್ಚಾಗಿ ಆ ಕೈಯಿಂದ. ಎಪಾಕ್ಸಿ ಇಲ್ದಿದ್ರೆ ಸ್ಟೀಲ್ ಬದ್ಲು ನಿಕಲ್ ರೌಂಡ್‌ವೌಂಡ್ ಹಾಕಿ, ಮರ ಬೇಗ ಸವೆಯಲ್ಲ. ಚಪ್ಪಟೆ ಸರಿಗೆ ಸುತ್ತಿದ ಫ್ಲಾಟ್‌ವೌಂಡ್ ದನಿ ಇಂಪಾಗಿರುತ್ತೆ ನಿಜ, ಆದ್ರೆ ನಿಮಗೆ ಬೇಕಾಗಿರೋ ಚುರುಕು ಕಮ್ಮಿ.

ಈಕ್ಯೂನಲ್ಲಿ (ತಗ್ಗು, ನಡು, ಮೇಲಿನ ದನಿ ಬೇರೆಬೇರೆಯಾಗಿ ಹೆಚ್ಚು ಕಮ್ಮಿ ಮಾಡೋ ಜಾಗ) ಏರಿಸೋಕಿಂತ ಇಳಿಸಿ. 250 ಹರ್ಟ್ಸ್ ಸುತ್ತ 3 ಡಿಬಿ ಕಮ್ಮಿ ಮಾಡಿ, 800 ಹತ್ರ ಒಂದೆರಡು ಡಿಬಿ ಜಾಸ್ತಿ. ಓಪನ್ ಇ ತಂತಿನೇ ಸುಮಾರು 41 ಹರ್ಟ್ಸ್, ಅದಕ್ಕಿಂತ ಕೆಳಗಿರೋದೆಲ್ಲ ಬರೀ ಗುಂಯ್ ಅನ್ನೋದು, ಅದನ್ನ ಕತ್ತರಿಸೋ ಹೈಪಾಸ್ ಫಿಲ್ಟರ್ 35ರಲ್ಲಿ ಹಾಕಿಬಿಡಿ. ಜೋರು ದನಿ ತಗ್ಗಿಸೋ ಕಂಪ್ರೆಸರ್ 4:1, ಅದರ ಅಟ್ಯಾಕ್ (ತಗ್ಗಿಸೋಕೆ ತಗೊಳ್ಳೋ ಸಮಯ) 30 ಮಿಲಿಸೆಕೆಂಡ್ ಹತ್ರ ಇರ್ಲಿ, ತುಂಬಾ ಫಾಸ್ಟ್ ಇಟ್ರೆ ಮೀಟಿದ್ ಏಟನ್ನೇ ತಿಂದ್ಹಾಕುತ್ತೆ. ಒಂದೇ ದನಿನ ಹಲವು ದನಿಯಂತೆ ಕೇಳಿಸೋ ಕೋರಸ್ ಎಫೆಕ್ಟ್ ಆಫ್.

ಮುಂಬೈ ಮಳೆಗಾಲ ಬೇರೇನೇ ಕಥೆ. ಜೂನ್ ಶುರುವಾದ್ರೆ ನೆಕ್ ತೇವ ಹೀರಿ ಬಾಗುತ್ತೆ, ಸಾಮಾನ್ಯವಾಗಿ ತಂತಿ ಮೇಲೇಳುತ್ತೆ, ಫ್ರೆಟ್‌ಲೆಸ್‌ನ ಆ "ಮ್ವಾ" ದನಿ ಮಾಯ, ಯಾಕಂದ್ರೆ ಅದು ಬರೋದೇ ತಂತಿ ಬೋರ್ಡನ್ನ ಸವರ್ಕೊಂಡು ಅದುರಿದಾಗ. ಬಾಗಿದ್ದನ್ನ ಸರಿಮಾಡೋ ನೆಕ್ ಒಳಗಿನ ಸರಳು, ಟ್ರಸ್ ರಾಡ್, ಒಂದ್ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸ್ಬೇಡಿ, ತಿರುಗಿಸಿ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ, ಬಿಗಿಯಾಗಿದ್ರೆ ರಿಪೇರಿಯವ್ರ ಹತ್ರಾನೇ ಒಯ್ಯಿರಿ. ಕೇಸಲ್ಲಿ ಸಿಲಿಕಾ ಜೆಲ್ ಇಡಿ, ನುಡಿಸಿದ್ಮೇಲೆ ತಂತಿ ಕೆಳಗೂ ಬಟ್ಟೆ ತೂರಿಸಿ ಒರೆಸಿ, ಇಲ್ಲಿನ ಉಪ್ಪುಗಾಳಿಗೆ ಹೊಸ ತಂತಿನೂ ಬೇಗ ಸತ್ತೋಗುತ್ತೆ.