ಎರೆಭೂಮಿಯಲ್ಲಿ ಹಂದಿಗೂಡು: ನೆಲ ಹಾಕುವುದರಿಂದ ಮರಿ ಬಿಡಿಸುವವರೆಗೆ

ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೊಲದಲ್ಲಿ ಹಂದಿಗೂಡು ಕಟ್ಟುವವರು ಮೊದಲು ಸೋಲುವುದು ನೆಲದಲ್ಲಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಸೀಳುತ್ತದೆ, ಸೀಳಿನಲ್ಲಿ ಉಚ್ಚೆ ನಿಲ್ಲುತ್ತದೆ, ಮರಿಗಳಿಗೆ ಭೇದಿ ಹತ್ತುತ್ತದೆ.

ಎರಡು ಅಡಿ ಎರೆಮಣ್ಣು ತೆಗೆದು ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ತುಂಬಿ. ಒಮ್ಮೆಲೇ ಸುರಿಯದೆ ಅರ್ಧರ್ಧ ಅಡಿಗೆ ನೀರು ಹೊಡೆದು ದಮ್ಮಸ್ಸು ಮಾಡಿ. ನೆಲ ಸುತ್ತಲಿನ ಹೊಲಕ್ಕಿಂತ ಅಡಿಯಾದರೂ ಮೇಲಿರಲಿ. ಮೇಲೆ 4 ಇಂಚು ಕಾಂಕ್ರೀಟು: ಸಿಮೆಂಟು ಒಂದು ಪಾಲು, ಉಸುಕು ಎರಡು, ಖಡಿ ನಾಲ್ಕು. ಗಟಾರದ ಕಡೆಗೆ 10 ಅಡಿಗೆ 3 ಇಂಚು ಇಳಿಜಾರು. ಗೌಂಡಿಗಳು ರೂಢಿಯಂತೆ ನೆಲವನ್ನು ನುಣ್ಣಗೆ ತೀಡಲು ಹೊರಡುತ್ತಾರೆ, ಬಿಡಬೇಡಿ. ಗಬ್ಬದ ಹಂದಿ ಜಾರಿ ಕಾಲು ಮುರಿದುಕೊಂಡರೆ ಅದರ ಕತೆ ಮುಗಿದಂತೆ. ಹಸಿ ಇರುವಾಗಲೇ ಕಡ್ಡಿ ಕಸಬರಿಗೆ ಎಳೆದು ಗೆರೆ ಮೂಡಿಸಿ, ಅಷ್ಟೇ ಸಾಕು. ತೀರ ಒರಟಾದರೆ ಮೊಲೆಗೆ ಮುಗಿಬೀಳುವ ಮರಿಗಳ ಮೊಣಕಾಲು ಕಿತ್ತುಹೋಗುತ್ತದೆ.

ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ಗೋಡೆ 4 ಅಡಿ, ಅದರ ಮೇಲೆ ಜಾಳಿಗೆ. ಹಂದಿಗೆ ಬೆವರುವುದು ಗೊತ್ತಿಲ್ಲ ಎಂದೇ ಹೇಳಬೇಕು. ಬರಿಯ ತಗಡಿನಡಿ ಏಪ್ರಿಲ್ ಕಳೆಯುವುದು ಕಷ್ಟ. ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ, ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿ.

ಈಯುವ ಕೋಣೆ 8×10 ಅಡಿ. ಗೋಡೆಯಿಂದ 9 ಇಂಚು ಈಚೆಗೆ, ನೆಲದಿಂದ 9 ಇಂಚು ಮೇಲೆ ಸುತ್ತಲೂ ಕಬ್ಬಿಣದ ಪೈಪು ಕೂಡಿಸಿ. ತಾಯಿ ಗೋಡೆಗೆ ಒರಗಿ ದೊಪ್ಪನೆ ಮಲಗಿದಾಗ ಮರಿ ನುಸುಳಿಕೊಳ್ಳಲು ಅದೊಂದೇ ಸಂದಿ. ಒಂದು ಮೂಲೆಯನ್ನು ಮರಿಗಳಷ್ಟೇ ಹೋಗುವಂತೆ ಅಡ್ಡಗಟ್ಟಿ 100 ವ್ಯಾಟಿನ ಬಲ್ಬು ಇಳಿಬಿಡಿ. ಮೊದಲ ವಾರ ಅಲ್ಲಿ 32ರಿಂದ 34 ಡಿಗ್ರಿ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಬಲ್ಬಿನಿಂದ ದೂರ ಸರಿದಿದ್ದರೆ ಸೆಕೆ.

ತಳಿಗೆ ಆರಿಸುವ ಹೆಣ್ಣಿಗೆ ಕನಿಷ್ಠ 12 ಮೊಲೆ ಇರಬೇಕು, ಒಂದೂ ಒಳಸೇರಿರಬಾರದು. ಯಾರ್ಕ್‌ಶೈರ್ ಜಾತಿಯ ಹಂದಿಯಾದರೆ ಎಂಟು ತಿಂಗಳು, ನೂರು ಕಿಲೋದ ಹೊತ್ತಿಗೆ ಗಂಡಿಗೆ ಬಿಡಿ. ಮೊದಲ ಬೆದೆ ಬಿಟ್ಟುಬಿಡಿ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಬೆನ್ನಿನ ಮೇಲೆ ಅಂಗೈ ಊರಿ ಒತ್ತಿದಾಗ ಕಿವಿ ನಿಗುರಿಸಿ ಕಲ್ಲಿನಂತೆ ನಿಂತರೆ ಹದ ಬಂದಂತೆ. ಅಂದು ಒಮ್ಮೆ, 12 ತಾಸು ಬಿಟ್ಟು ಮತ್ತೊಮ್ಮೆ ಕೊಡಿಸಿ. ಒಂದೇ ಸೂಲಿನ ಅಣ್ಣ-ತಂಗಿ ಬೇಡವೇ ಬೇಡ.

ಇಲ್ಲಿ ಹಾವೇರಿ ಕಡೆಯವರಿಗೆ ಒಂದು ಮಾತು. ಮಳೆಗೆ ನೆನೆದು ಬೂಸ್ಟು ಹಿಡಿದ ಗೋವಿನಜೋಳ ಅಗ್ಗಕ್ಕೆ ಸಿಗುತ್ತದೆಂದು ಹಂದಿಗೆ ಹಾಕುವುದುಂಟು. ಅದರಲ್ಲಿನ ಒಂದು ಬಗೆಯ ಬೂಸ್ಟಿನ ವಿಷಕ್ಕೆ ಮೂರ್ನಾಲ್ಕು ತಿಂಗಳ ಹೆಣ್ಣುಮರಿಗಳ ಯೋನಿಯೂ ಕೆಂಪಗೆ ಬಾತುಕೊಳ್ಳುತ್ತದೆ. ನೋಡಿದವರು ಬೆದೆ ಎಂದುಕೊಳ್ಳುತ್ತಾರೆ. ಗಂಡನ್ನು ಬಿಡುವುದಲ್ಲ, ಆ ಜೋಳ ನಿಲ್ಲಿಸಬೇಕು. ಎಮ್ಮೆಗೆ ಹಾಕುವ ಹತ್ತಿಕಾಳು ಹಿಂಡಿಯೂ ಹಂದಿಗೆ ವಿಷವೇ. ಶೇಂಗಾ ಹಿಂಡಿ ಆದೀತು. ಖಾನಾವಳಿಯ ಮುಸುರೆ ತಂದರೆ ಅರ್ಧ ತಾಸು ಕುದಿಸಿ, ಹಂದಿಮಾಂಸದ ಚೂರಿದ್ದರೆ ಚೆಲ್ಲಿಬಿಡಿ. 2020ರಲ್ಲಿ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರ ಹೀಗೂ ಹಬ್ಬುತ್ತದೆ.

ಗಬ್ಬ 114 ದಿನ. ವಾರ ಮೊದಲೇ ತಾಯಿಯ ಮೈ ಸಾಬೂನಿನಿಂದ ತೊಳೆದು ಈಯುವ ಕೋಣೆಗೆ ಸೇರಿಸಿ. ಹಾಸಲು ಒಣಹುಲ್ಲನ್ನು ಗಿಡ್ಡಗೆ ಕತ್ತರಿಸಿ. ಉದ್ದ ಹುಲ್ಲಿಗೆ ಮರಿ ಕಾಲು ಸಿಕ್ಕಿಸಿಕೊಳ್ಳುತ್ತದೆ. ಹುಟ್ಟಿದ ಮರಿಯ ಮೂಗು ಒರೆಸಿ, ಹೊಕ್ಕುಳಬಳ್ಳಿಗೆ ಅಯೋಡಿನ್ ಹಚ್ಚಿ, ಆರು ತಾಸಿನೊಳಗೆ ಗಿಣ್ಣ ಹಾಲು ಕುಡಿಸಿ. ಮೂರನೆಯ ದಿನ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದು ತಪ್ಪಿಸಬೇಡಿ. ಮರಿಗೆ ದಿನಕ್ಕೆ 7 ಮಿಲಿಗ್ರಾಂ ಬೇಕು, ತಾಯಿಹಾಲಿನಲ್ಲಿ ಸಿಗುವುದು ಸುಮಾರು ಒಂದು. ಮಣ್ಣು ಕೆದರುವ ಊರಹಂದಿ ಅದನ್ನು ನೆಲದಿಂದ ಪಡೆಯುತ್ತದೆ, ಕಾಂಕ್ರೀಟಿನ ಮರಿಗೆ ಆ ದಾರಿಯಿಲ್ಲ. ಬಿಳಚಿಕೊಂಡು ಏದುಸಿರು ಬಿಡುತ್ತದೆ.

ಆರರಿಂದ ಎಂಟು ವಾರಕ್ಕೆ ಹಾಲು ಬಿಡಿಸುವಾಗ ತಾಯಿಯನ್ನು ಹೊರಗೆ ಕಳಿಸಿ, ಮರಿಗಳು ಅದೇ ಕೋಣೆಯಲ್ಲಿ ಒಂದು ವಾರವಿರಲಿ. ಆಮೇಲೆ ಮರಿಗೆ 10 ಚದರಡಿ ಲೆಕ್ಕ. ತಾಯಿ ನಾಲ್ಕರಿಂದ ಏಳು ದಿನದೊಳಗೆ ಮತ್ತೆ ಬೆದೆಗೆ ಬರುತ್ತದೆ. ಎಲುಬು ಕಾಣುವಷ್ಟು ಸೊರಗಿದ್ದರೆ ಆ ಸುತ್ತು ಬಿಟ್ಟು ಮುಂದಿನ 21 ದಿನ ಚೆನ್ನಾಗಿ ಮೇವು ಹಾಕಿ.