ಫೀಸ್ ಕಟ್ಟುವ ಮುನ್ನ ಒಂದು ನೋಟ್‌ಬುಕ್ ತಗೊಳ್ಳಿ

ಡಿ.ಎಡ್ ಭರಾಟೆ ನೆನಪಿದೆಯಾ? ಸರಕಾರ ಮೇಷ್ಟ್ರುಗಳನ್ನು ತಗೊಳ್ಳುತ್ತಿತ್ತು, ಮನೆಮನೆಯಲ್ಲೂ ಡಿ.ಎಡ್ ಮಾತು. ಕಾಲೇಜುಗಳು ನಾಯಿಕೊಡೆಗಳಂತೆ ಎದ್ದವು. ಆಮೇಲೆ ನೇಮಕಾತಿ ತಗ್ಗಿತು. ಸೀಟುಗಳು ಖಾಲಿ ಬಿದ್ದವು, ಎಷ್ಟೋ ಕಾಲೇಜುಗಳಿಗೆ ಬೀಗ ಬಿತ್ತು. ಪಕ್ಕದ ಮನೆಯ ಹುಡುಗನಿಗೆ ಏನು ಸಿಕ್ಕಿತು ಎಂದು ನೋಡಿ ಕೋರ್ಸ್ ಆರಿಸಿದರೆ ಹೀಗೇ. ಅವನು ಸೇರಿದ್ದು ನಾಲ್ಕು ವರ್ಷದ ಹಿಂದೆ, ನಿಮ್ಮ ಮಗಳು ಹೊರಬರುವುದು ನಾಲ್ಕು ವರ್ಷದ ಮುಂದೆ.

ಹಾಗಾದರೆ ಏನು ಮಾಡಬೇಕು? ಮೊದಲು ಕೆಲಸದ ಹೆಸರು ಬರೆಯಿರಿ, ಕೋರ್ಸ್‌ನದ್ದಲ್ಲ. 'ಡಿಪ್ಲೊಮಾ' ಎಂಬ ಕೆಲಸ ಎಲ್ಲೂ ಇಲ್ಲ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್, ಲ್ಯಾಬ್ ಟೆಕ್ನೀಷಿಯನ್, ಅಕೌಂಟೆಂಟ್... ಮೂರು ಹೆಸರು ಸಾಕು.

ಇನ್ನು ಎಣಿಕೆ. ಕೇಂದ್ರ ಸರಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಎಂಬ ಉದ್ಯೋಗ ಪೋರ್ಟಲ್ 2015ರಿಂದ ಇದೆ, ನಮ್ಮ ರಾಜ್ಯದ್ದು ಸ್ಕಿಲ್ ಕನೆಕ್ಟ್. ವಾರಕ್ಕೊಮ್ಮೆಯಂತೆ ಒಂದು ತಿಂಗಳು ಆ ಮೂರು ಕೆಲಸಗಳನ್ನು ಹುಡುಕಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ: ಊರು, ಕೇಳುವ ಓದು, ಕೇಳುವ ಅನುಭವ, ಸಂಬಳ. ಒಂದೇ ಜಾಹೀರಾತು ಮೂರು ಕಡೆ ಕಂಡರೆ ಒಂದು ಸಲ ಮಾತ್ರ ಎಣಿಸಿ. 'ಎರಡು ವರ್ಷ ಅನುಭವ ಬೇಕು' ಎನ್ನುವುದನ್ನು ಬೇರೆ ಪುಟಕ್ಕೆ ಹಾಕಿ, ಹೊಸಬರಿಗೆ ಅದು ಸಿಗುವ ಕೆಲಸವಲ್ಲ. ಮೊದಲೇ ದುಡ್ಡು ಕಟ್ಟಿ ಎನ್ನುವ ಜಾಹೀರಾತನ್ನು ಪಟ್ಟಿಯಿಂದ ಹೊಡೆದುಹಾಕಿ. ಊರಿನ ಕಾಲಂ ಸುಮ್ನೆ ಅಲ್ಲ. ಬೆಂಗಳೂರಿನ 18 ಸಾವಿರದಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ನೋಡಿ. ಮನೆಯಲ್ಲೇ ಇದ್ದು ದುಡಿಯುವ 14 ಸಾವಿರವೇ ಜಾಸ್ತಿ ಅನ್ನಿಸಬಹುದು.

ಕಾಲೇಜಿನ ಲೆಕ್ಕಕ್ಕೆ ಬನ್ನಿ. ಹೊರಗೆ ದೊಡ್ಡ ಬ್ಯಾನರ್: 'ಅತಿ ಹೆಚ್ಚು ಪ್ಯಾಕೇಜ್ 30 ಲಕ್ಷ!' ಐದು ಹುಡುಗರಿಗೆ ವರ್ಷಕ್ಕೆ 2, 2.5, 3, 3.5 ಮತ್ತು 30 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 8.2 ಲಕ್ಷ ಬರುತ್ತದೆ. ಆ ಸಂಬಳ ಐವರಲ್ಲಿ ಒಬ್ಬರಿಗೂ ಇಲ್ಲ! ಸಾಲಾಗಿ ಜೋಡಿಸಿದಾಗ ನಡುವೆ ನಿಲ್ಲುವ 3 ಲಕ್ಷವೇ ನಿಜವಾದ ಸೂಚನೆ. ಇದಕ್ಕೆ ಮೀಡಿಯನ್ ಎನ್ನುತ್ತಾರೆ. ಕೇಂದ್ರ ಸರಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಈ ಮೀಡಿಯನ್ ಸಂಬಳವೂ ಇರುತ್ತದೆ. ಎಷ್ಟು ಜನ ಸೇರಿದರು, ಎಷ್ಟು ಜನ ಸಮಯಕ್ಕೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬುದೂ ಇರುತ್ತದೆ. ರ‍್ಯಾಂಕ್ ಬಿಡಿ, ಈ ಪುಟ ಓದಿ. ಕಾಲೇಜು ಇದರಲ್ಲಿ ಭಾಗವಹಿಸದಿದ್ದರೆ ಇದೇ ಪ್ರಶ್ನೆಗಳನ್ನು ಆಫೀಸಿನಲ್ಲಿ ಕೇಳಿ. ಮುಖ ನೋಡಿದರೇ ಅರ್ಧ ಉತ್ತರ ಸಿಗುತ್ತದೆ.

ರಾಷ್ಟ್ರ ಮಟ್ಟದ ಅಂಕಿ ಬೇಕಾದರೆ ಕೇಂದ್ರ ಸರಕಾರದ ಉದ್ಯೋಗ-ನಿರುದ್ಯೋಗ ಸಮೀಕ್ಷೆ ಪಿಎಲ್‌ಎಫ್‌ಎಸ್ ಇದೆ. 2023-24ರಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇ 10.2, ಒಟ್ಟಾರೆ ಶೇ 3.2. ಹುಷಾರಾಗಿರಬೇಕು ಎಂದು ಇದು ಹೇಳುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಕೆಲಸ ಖಾಲಿ ಇದೆ ಎಂದು ಹೇಳುವುದಿಲ್ಲ.

ಅದಕ್ಕೆ ಕಾಲಿಗೆ ಕೆಲಸ ಕೊಡಬೇಕು, ಹತ್ತಿರದ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕು. ಬೆಳಗಾವಿಯವರಾದರೆ ಉದ್ಯಮಬಾಗ್, ಬೆಂಗಳೂರಾದರೆ ಪೀಣ್ಯ, ಮಂಗಳೂರಾದರೆ ಬೈಕಂಪಾಡಿ. ಶಿಫ್ಟ್ ಬಿಡುವ ಹೊತ್ತಿಗೆ ಚಹಾ ಅಂಗಡಿ ಹತ್ತಿರ ನಿಂತು, ಕೆಲಸಕ್ಕೆ ಸೇರಿ ಎರಡು ವರ್ಷವಾದವರನ್ನು ಮಾತಾಡಿಸಿ. ಮೂರು ಪ್ರಶ್ನೆ ಸಾಕು: ಕೈಗೆ ಎಷ್ಟು ಬರುತ್ತೆ? ಯಾರ ಮೂಲಕ ಸೇರಿದ್ರಿ? ನಿಮ್ಮ ತಮ್ಮನಿಗೂ ಇದನ್ನೇ ಓದಿಸ್ತೀರಾ? ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆ ಅವರೇ ಕೇಳಲಿ.