ಪಕ್ಕದ ಮನೆಯ ಬಳ್ಳಿ ನಿಮ್ಮ ಬೇಲಿಯನ್ನು ಕೆಡವುವ ಮುನ್ನ

ಕೊಪ್ಪಳ, ಗಂಗಾವತಿ, ಕುಷ್ಟಗಿಗಳ ಬಡಾವಣೆಗಳಲ್ಲಿ ಹಿತ್ತಲಿನ ಸುತ್ತ ಕಾಂಪೌಂಡ್ ಗೋಡೆ ಎಬ್ಬಿಸುವ ಖರ್ಚು ಉಳಿಸಲು ಕಲ್ಲುಕಂಬ ನೆಟ್ಟು, ಅದಕ್ಕೆ ಜಾಲರಿಯನ್ನೋ ಮುಳ್ಳುತಂತಿಯನ್ನೋ ಬಿಗಿಸುವುದು ರೂಢಿ. ಈ ಬೇಲಿ ದನ, ಮೇಕೆ, ನಾಯಿಗಳನ್ನು ತಡೆಯುತ್ತದೆ. ಪಕ್ಕದ ಮನೆಯ ಬಳ್ಳಿಗೆ ಮಾತ್ರ ಅದೇ ಹಂದರವಾಗುತ್ತದೆ. ಮುಂಗಾರಿನ ಮೊದಲ ಹದಮಳೆಗೆ ಚಿಗುರಿದ ಕುಡಿ ದಸರೆಯ ಹೊತ್ತಿಗೆ ಬೇಲಿ ದಾಟಿ ನಿಮ್ಮ ಮಲ್ಲಿಗೆ, ಕರಿಬೇವುಗಳ ನೆತ್ತಿಯ ಮೇಲೆ ಹಬ್ಬಿರುತ್ತದೆ. ತಂತಿ ಜೋತುಬಿದ್ದ ದಿನ ಸಿಟ್ಟಿನಿಂದ ಎರಡೂ ಕೈಯಲ್ಲಿ ಹಿಡಿದು ಎಳೆಯುವುದೇ ಅನೇಕರು ಮಾಡುವ ಮೊದಲ ಕೆಲಸ, ಮತ್ತು ಅದೇ ಮಾಡಬಾರದ ಕೆಲಸ. ಹಸಿ ಬಳ್ಳಿಯನ್ನು ಎಳೆದರೆ ಅದರೊಂದಿಗೆ ಜಾಲರಿಯ ಕಣ್ಣುಗಳು ಬಿಚ್ಚಿಕೊಳ್ಳುತ್ತವೆ, ಕಂಬಕ್ಕೆ ಕಟ್ಟಿದ ತಂತಿ ಸಡಿಲುತ್ತದೆ, ಬುಡ ಮಾತ್ರ ಆಚೆ ಬದಿಯಲ್ಲಿ ಅಲ್ಲಾಡದೆ ಉಳಿಯುತ್ತದೆ. ಬುಡವಿರುವುದು ನೆರೆಯವರ ನೆಲದಲ್ಲಾದ್ದರಿಂದ ಅವರ ಒಪ್ಪಿಗೆಯಿಲ್ಲದೆ ಈ ಕೆಲಸ ಪೂರ್ತಿಯಾಗುವುದಿಲ್ಲ; ಆದ್ದರಿಂದ ಕತ್ತರಿ ಹಿಡಿಯುವ ಮುನ್ನವೇ ಮಾಡಬೇಕಾದ ಕೆಲಸಗಳು ಹಲವಿವೆ.

ಬಳ್ಳಿಯನ್ನು ಗುರುತಿಸಿಕೊಳ್ಳಿ

ಎಲ್ಲ ಬಳ್ಳಿಗೂ ಒಂದೇ ಮದ್ದಿಲ್ಲ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಕಷಾಯಕ್ಕೆಂದು ಬಹಳಷ್ಟು ಮನೆಗಳಲ್ಲಿ ನೆಟ್ಟ ಈ ಬಳ್ಳಿ ಈಗ ಯಾರ ಆರೈಕೆಯೂ ಇಲ್ಲದೆ ತನ್ನಷ್ಟಕ್ಕೆ ಹಬ್ಬುತ್ತಿದೆ. ಹೃದಯದಾಕಾರದ ನುಣುಪು ಎಲೆ, ಗಂಟುಗಂಟಾದ ಕಾಂಡ, ಉಗುರಿನಿಂದ ಕೆರೆದರೆ ಕಾಗದದಂಥ ಕಂದು ಸಿಪ್ಪೆ ಸುಲಿದು ಒಳಗೆ ಹಸಿರು ಕಾಣುವುದು ಇದರ ಗುರುತು. ಗುಲಾಬಿ ಬಣ್ಣದ ಹೂಗೊಂಚಲುಗಳಿಂದ ಬೇಲಿಯನ್ನೇ ಮುಚ್ಚುವ ಆಂಟಿಗೊನಾನ್ ಮೆಕ್ಸಿಕೊ ಮೂಲದ್ದು. ಅಂದಕ್ಕೆಂದು ತಂದು ನೆಟ್ಟ ಇದು ನೆಲದೊಳಗೆ ಗೆಡ್ಡೆ ಕಟ್ಟುತ್ತದೆ, ಮೇಲೆ ಎಷ್ಟು ಸಲ ಕತ್ತರಿಸಿದರೂ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಬಿಳಿ ಹೂ, ಕೆಂಪು ಹಣ್ಣಿನ ಕಾಡುತೊಂಡೆಯದೂ ಇದೇ ಸ್ವಭಾವ.

ಊರ ಹೊರಗಿನ ನಿವೇಶನಗಳಲ್ಲಿ ಇನ್ನೊಂದು ಅಪಾಯಕಾರಿ ಬಳ್ಳಿ ಕಾಣಸಿಗಬಹುದು. ಮಡಗಾಸ್ಕರ್ ಮೂಲದ ಅದನ್ನು ರಬ್ಬರ್ ಬಳ್ಳಿ ಎನ್ನುತ್ತಾರೆ. ಹೊಳಪಿನ ದಪ್ಪ ಎಲೆಗಳು ಎದುರುಬದುರಾಗಿರುತ್ತವೆ, ಹೂವು ನೇರಳೆ ಛಾಯೆಯ ದೊಡ್ಡ ತುತ್ತೂರಿಯ ಆಕಾರದ್ದು, ಕಾಯಿಗಳು ಜೋಡಿಯಾಗಿ ಬಿಡುತ್ತವೆ. ಎಲ್ಲಿ ಮುರಿದರೂ ಬಿಳಿ ಹಾಲು ಒಸರುತ್ತದೆ. ಆ ಹಾಲು ದನಕರುಗಳಿಗೆ ವಿಷ, ಮನುಷ್ಯರ ಕಣ್ಣಿಗೂ ಚರ್ಮಕ್ಕೂ ಉರಿ ತರುತ್ತದೆ. ಇದರ ಬೀಜಕ್ಕೆ ಎಕ್ಕದ ಬೀಜಕ್ಕಿರುವಂತೆ ರೇಷ್ಮೆಯ ಕುಚ್ಚಿರುವುದರಿಂದ ಗಾಳಿ ಅದನ್ನು ಎಲ್ಲೆಡೆ ಹರಡುತ್ತದೆ. ಕಾಯಿ ಒಡೆಯುವ ಮೊದಲೇ ಇದನ್ನು ತೆಗೆಯಬೇಕು. ಹಳದಿ ದಾರದಂತೆ ಸುತ್ತಿಕೊಂಡ, ನೆಲದಲ್ಲಿ ಬೇರೇ ಇಲ್ಲದ ಬಳ್ಳಿ ಕಂಡರೆ ಅದು ಪರಾವಲಂಬಿ. ಅದು ಹತ್ತಿದ ಕೊಂಬೆಯ ಸಮೇತ ಕತ್ತರಿಸುವುದೊಂದೇ ದಾರಿ. ಗುರುತು ಸಿಗದಿದ್ದಲ್ಲಿ ಹೂ, ಕಾಯಿ, ಎಲೆಗಳಿರುವ ಒಂದು ತುಂಡನ್ನು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಯ್ದು ತೋರಿಸಬಹುದು.

ಬೇಲಿಗೆ ನಿಜವಾಗಿ ಆಗುವ ಹಾನಿ

ಬಳ್ಳಿಯ ಭಾರ ಮೊದಲ ಹಾನಿ, ಗಾಳಿಯ ಒತ್ತಡ ಅದಕ್ಕಿಂತ ದೊಡ್ಡದು. ಬರಿಯ ಜಾಲರಿಯ ಮೂಲಕ ಆಷಾಢದ ಗಾಳಿ ಹಾಯ್ದುಹೋಗುತ್ತದೆ. ಎಲೆ ತುಂಬಿದ ಜಾಲರಿಯಲ್ಲಿ ಅದಕ್ಕೆ ದಾರಿಯಿಲ್ಲ, ಆ ಒತ್ತಡವೆಲ್ಲ ಕಂಬದ ಬುಡಕ್ಕೆ ಬೀಳುತ್ತದೆ. ನಮ್ಮ ಎರೆನೆಲ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವುದರಿಂದ ಕಂಬದ ಹಿಡಿತ ಮೊದಲೇ ಸಡಿಲವಾಗಿರುತ್ತದೆ, ಬಳ್ಳಿ ಹೊತ್ತ ಕಂಬ ಅಲ್ಲಿ ಬೇಗ ವಾಲುತ್ತದೆ. ಮೂರನೆಯದು ತೇವ. ಒತ್ತಾದ ಎಲೆಗಳ ಕೆಳಗೆ ಮಳೆನೀರು ಆರುವುದಿಲ್ಲ, ಉದುರಿದ ತರಗು ಜಾಲರಿಯ ಬುಡದಲ್ಲಿ ಕೊಳೆಯುತ್ತದೆ, ತಂತಿಯ ಸತುವಿನ ಲೇಪ ಸವೆದು ತುಕ್ಕು ಹಿಡಿಯುತ್ತದೆ. ಬೇಲಿಯ ಕೆಳಗಿನ ಒಂದು ಅಡಿಯನ್ನು ಬೆರಳಿನಿಂದ ಒತ್ತಿ ನೋಡಿ: ಕಂದು ಪುಡಿ ಕೈಗೆ ಹತ್ತಿ ತಂತಿ ಸುಲಭವಾಗಿ ಬಾಗಿದರೆ ಆ ಭಾಗದ ಜಾಲರಿಯನ್ನು ಬದಲಿಸಲೇಬೇಕು.

ಬೇಲಿ ಯಾರದು, ಗಡಿ ಎಲ್ಲಿದೆ

ಈ ಪ್ರಶ್ನೆಗೆ ಉತ್ತರವಿಲ್ಲದೆ ಆಡಿದ ಮಾತು ಬಳ್ಳಿಯನ್ನು ಬಿಟ್ಟು ಜಾಗದ ಜಗಳಕ್ಕೆ ತಿರುಗುತ್ತದೆ. ಖರೀದಿ ಪತ್ರದಲ್ಲಿರುವ ಚಕ್ಕುಬಂದಿ ಮತ್ತು ಅಳತೆಯನ್ನು ಓದಿ, ಟೇಪು ಹಿಡಿದು ಬೇಲಿಯವರೆಗೆ ಅಳೆದುಕೊಳ್ಳಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆಯಲ್ಲಿಯೂ ಅಳತೆ ಇರುತ್ತದೆ. ಹೊಲಕ್ಕೆ ಅಂಟಿದ ಹಿತ್ತಲಾಗಿದ್ದು ಬಾಂದುಕಲ್ಲು ಕಾಣೆಯಾಗಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯವರು ಬಂದು ಗಡಿ ತೋರಿಸುತ್ತಾರೆ. ಅದೇ ದಿನ ಬೇಲಿಯ ಫೋಟೊಗಳನ್ನು ತೆಗೆದಿಡಿ: ವಾಲಿದ ಕಂಬ, ಜೋತ ತಂತಿ, ಬಳ್ಳಿ ಯಾವ ಬದಿಯಿಂದ ಏರಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು.

ನೆರೆಯವರೊಡನೆ ಮಾತು

ಫೋನಿನಲ್ಲಿ ಅಥವಾ ಬೇಲಿಯ ಈಚೆ ನಿಂತು ಕೂಗಿ ಹೇಳುವ ವಿಷಯ ಇದಲ್ಲ. ಸಂಜೆ ಅವರು ಬಿಡುವಾಗಿರುವ ಹೊತ್ತಿಗೆ ಮನೆಗೇ ಹೋಗಿ, ಸಾಧ್ಯವಾದರೆ ಅವರನ್ನು ಬೇಲಿಯ ಹತ್ತಿರ ಕರೆತಂದು ತೋರಿಸುವುದು ಒಳ್ಳೆಯದು. ತಮ್ಮ ಅಂಗಳದಿಂದ ಹೂ ಮಾತ್ರ ಕಾಣುವವರಿಗೆ ಈಚೆ ಬದಿಯ ಹಾನಿ ಗೊತ್ತೇ ಇರುವುದಿಲ್ಲ. "ಅಕ್ಕಾರ, ನಿಮ್ಮ ಬಳ್ಳಿ ನಮ್ಮ ತಂತಿಗೆ ಭಾಳ ಭಾರ ಆಗೇತ್ರಿ, ಕಂಬ ವಾಲ್ಯಾವ. ಬರೋ ಐತಾರ ಇಬ್ರೂ ಕೂಡಿ ಬುಡದಾಗ ಕತ್ತರಿಸೋಣೇನ್ರಿ? ಆಳಿನ ಪಗಾರ ನಾವs ಕೊಡ್ತೀವಿ" ಎಂಬಷ್ಟು ಮಾತು ಸಾಕು. ತಪ್ಪು ಯಾರದೆಂದು ಹೇಳದೆ, ದಿನ ಮತ್ತು ಖರ್ಚು ಎರಡನ್ನೂ ಮುಂದಿಟ್ಟ ಮಾತಿಗೆ ಒಪ್ಪಿಗೆ ಬೇಗ ಸಿಗುತ್ತದೆ. ಅಮೃತಬಳ್ಳಿಯನ್ನು ಔಷಧಿಗೆಂದು ಬೆಳೆಸಿದ ಹಿರಿಯರಿದ್ದರೆ ಬೇರುಸಹಿತ ತೆಗೆಯಿರೆಂದು ಒತ್ತಾಯಿಸುವುದು ಸರಿಯಲ್ಲ. ಒಂದು ಕಾಂಡವನ್ನು ಅವರ ಅಂಗಳದ ಬೇರೊಂದು ಗೂಟಕ್ಕೆ ಹಬ್ಬಿಸಿ ಉಳಿದದ್ದನ್ನು ತೆಗೆಯಲು ಒಪ್ಪಿಕೊಳ್ಳಬಹುದು.

ಅವರು ಒಪ್ಪದಿದ್ದರೂ ನಿಮ್ಮ ಗಡಿಯೊಳಗೆ ಬಂದ ಬಳ್ಳಿಯನ್ನು ನಿಮ್ಮ ನೆಲದಲ್ಲಿ ನಿಂತು ಗಡಿಯವರೆಗೆ ಕತ್ತರಿಸುವ ಹಕ್ಕು ನಿಮಗಿದೆ. ಆದರೆ ಆಚೆ ಕೈಚಾಚಿ ಬುಡ ಕಡಿಯುವುದು, ಹೇಳದೆ ಅವರ ಹಿತ್ತಲಿಗೆ ಇಳಿಯುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಕತ್ತರಿಸಿದ ಹಂಬು, ಅದರ ಕಾಯಿ ಅವರದೇ ಸೊತ್ತಾದ್ದರಿಂದ ಬೇಕೇ ಎಂದು ಕೇಳಿಯೇ ವಿಲೇವಾರಿ ಮಾಡಬೇಕು. ಹಾನಿ ಮುಂದುವರಿದರೆ ಫೋಟೊಗಳೊಂದಿಗೆ ಒಂದು ಪುಟದ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಬಾರದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನಿನಡಿ ಸ್ಥಾಪನೆಯಾದ ಈ ಪ್ರಾಧಿಕಾರ ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಲೋಕ ಅದಾಲತ್ತಿಗೆ ಕರೆಯಬಲ್ಲದು. ಅಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆಯಿದೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದಡಿ ಸಿವಿಲ್ ನ್ಯಾಯಾಲಯದಿಂದ ಪ್ರತಿಬಂಧಕಾಜ್ಞೆ ತರುವ ಅವಕಾಶವೂ ಇದೆ, ಆದರೆ ವರ್ಷಗಟ್ಟಲೆ ಪಕ್ಕಪಕ್ಕದಲ್ಲೇ ಬಾಳಬೇಕಾದವರು ಅಲ್ಲಿಯವರೆಗೆ ಹೋಗುವ ಮೊದಲು ಓಣಿಯ ಹಿರಿಯರೊಬ್ಬರನ್ನು ಮಧ್ಯೆ ಕೂರಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಪಕ್ಕದ್ದು ಖಾಲಿ ನಿವೇಶನವಾಗಿದ್ದು ಮಾಲೀಕರು ದೂರದ ಊರಿನಲ್ಲಿದ್ದರೆ, ಹಾವು-ಹುಳುಗಳ ಕಾಟವನ್ನೂ ನಮೂದಿಸಿ ನಗರಸಭೆ ಅಥವಾ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ.

ಕತ್ತರಿಸುವ ಕ್ರಮ

ಬಳ್ಳಿ ಕರೆಂಟಿನ ತಂತಿಯನ್ನು ಮುಟ್ಟಿದ್ದರೆ ಕೈ ಹಾಕಲೇಬೇಡಿ. 1912ಕ್ಕೆ ಕರೆ ಮಾಡಿ ಜೆಸ್ಕಾಂನವರಿಂದ ಲೈನು ಬಂದ್ ಮಾಡಿಸಿದ ಮೇಲೆಯೇ ಮುಂದಿನ ಮಾತು. ತೋಳು ಮುಚ್ಚುವ ಅಂಗಿ, ಬೂಟು, ದಪ್ಪ ಕೈಗವಸು ಬೇಕು. ಹಾಲು ಒಸರುವ ಬಳ್ಳಿಯಾದರೆ ಕನ್ನಡಕವೂ ಬೇಕು. ಒತ್ತಾದ ಬಳ್ಳಿಯ ಬುಡದಲ್ಲಿ ನಾಗರ, ಕೊಳಕುಮಂಡಲಗಳು, ಮೇಲೆ ಕಣಜದ ಗೂಡು ಇರುವುದು ಸಾಮಾನ್ಯ. ಹೀಗಾಗಿ ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ, ಉದ್ದನೆಯ ಕೋಲಿನಿಂದ ಎರಡೂ ಬದಿ ಬಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಕೈ ಹಾಕಿ.

ದ್ರಾಕ್ಷಿ, ದಾಳಿಂಬೆ ತೋಟದವರು ಬಳಸುವ ಸಿಕೇಟರ್ ಕತ್ತರಿ ಹೆಬ್ಬೆರಳು ಗಾತ್ರದ ಕಾಂಡದವರೆಗೆ ಸಾಕು, ಅದಕ್ಕೂ ದಪ್ಪವಿದ್ದರೆ ಕೈಗರಗಸ ಬೇಕು. ಕುಡುಗೋಲು ಬೀಸಬೇಡಿ, ತಂತಿಗೆ ಬಡಿದು ಪುಟಿಯುತ್ತದೆ. ಪ್ರತಿ ಕಾಂಡಕ್ಕೂ ಎರಡು ಕಡೆ ಕತ್ತರಿ ಹಾಕಬೇಕು: ಒಂದು ನೆಲದಿಂದ ಗೇಣು ಎತ್ತರದಲ್ಲಿ, ಇನ್ನೊಂದು ಎದೆಮಟ್ಟದಲ್ಲಿ. ನಡುವಿನ ತುಂಡನ್ನು ತೆಗೆದುಬಿಟ್ಟರೆ ಮೇಲಿನ ಭಾಗಕ್ಕೂ ಬುಡಕ್ಕೂ ಸಂಬಂಧ ಕಡಿಯುತ್ತದೆ. ಆಂಟಿಗೊನಾನ್, ಕಾಡುತೊಂಡೆಗಳನ್ನು ಈ ಸ್ಥಿತಿಯಲ್ಲಿ ಎರಡು ಮೂರು ವಾರ ಹಾಗೇ ಬಿಟ್ಟರೆ ಎಲೆ ಒಣಗಿ ಉದುರುತ್ತದೆ, ಹಂಬು ಗರಿಗರಿಯಾಗಿ ಬೇಲಿಗೆ ಪೆಟ್ಟಾಗದಂತೆ ತುಂಡುತುಂಡಾಗಿ ಬಿಡಿಸಿಕೊಳ್ಳುತ್ತದೆ.

ಅಮೃತಬಳ್ಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಕಾಂಡದಲ್ಲಿ ನೀರಿನ ಸಂಗ್ರಹವಿರುವುದರಿಂದ ಬುಡ ಕಡಿದರೂ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಕಡಿದ ತುದಿಯ ಮೇಲಿನ ಗಂಟುಗಳಿಂದ ಹಸಿರು ನೂಲಿನಂಥ ಬಿಳಲುಗಳನ್ನು ಇಳಿಬಿಡುತ್ತದೆ. ಗಾಳಿಯಲ್ಲಿ ತೂಗಾಡುತ್ತ ದಿನದಿನಕ್ಕೆ ಉದ್ದವಾಗುವ ಆ ಬಿಳಲು ನೆಲ ಮುಟ್ಟಿದ ಕ್ಷಣದಿಂದ ಹೊಸ ಬೇರಾಗುತ್ತದೆ. ಬಳ್ಳಿ ಮತ್ತೆ ಪೂರ್ತಿ ಜೀವ ಹಿಡಿಯುತ್ತದೆ. ಆದ್ದರಿಂದ ಇದನ್ನು ಒಣಗಲು ಬಿಡದೆ ಅದೇ ದಿನ ಮೊಳದುದ್ದದ ತುಂಡುಗಳಾಗಿ ಕತ್ತರಿಸುತ್ತ, ಜಾಲರಿಯ ಕಣ್ಣಿನಿಂದ ಒಂದೊಂದಾಗಿ ಹಿಂದಕ್ಕೆ ನುಸುಳಿಸಿ ತೆಗೆಯಬೇಕು. ಕೆಲಸ ನಿಧಾನದ್ದು, ಆದರೆ ಬೇಲಿ ಉಳಿಯುತ್ತದೆ.

ಬುಡ ಅಗೆಯುವುದಕ್ಕೆ ಎರೆನೆಲದ ಹದ ನೋಡಬೇಕು. ಬೇಸಿಗೆಯಲ್ಲಿ ಹಾರೆಯೂ ಇಳಿಯುವುದಿಲ್ಲ, ಮಳೆ ನಿಂತ ಮರುದಿನ ಸಲಿಕೆಗೆ ಮಣ್ಣು ಮೆತ್ತಿಕೊಂಡು ಏಳುವುದಿಲ್ಲ. ಮಳೆಯಾಗಿ ನಾಲ್ಕೈದು ದಿನ ಬಿಸಿಲು ಬಿದ್ದು, ಹಿಡಿ ಮಣ್ಣನ್ನು ಒತ್ತಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಒಡೆಯುವ ಹದದಲ್ಲಿ ಅಗೆದರೆ ಗೆಡ್ಡೆ ಇಡಿಯಾಗಿ ಬರುತ್ತದೆ. ಗೆಡ್ಡೆ ಮುರಿದು ಚೂರು ಉಳಿದರೆ ಅದೂ ಚಿಗುರಬಲ್ಲದು, ಹೀಗಾಗಿ ಅಗೆದ ಮಣ್ಣನ್ನು ಕೈಯಿಂದಲೇ ಹುಡುಕಬೇಕು. ಮುಂದಿನ ತಿಂಗಳುಗಳಲ್ಲಿ ಹೊಸ ಕುಡಿ ಕಂಡಾಗಲೆಲ್ಲ ಅದು ಎಲೆ ಬಿಚ್ಚುವ ಮೊದಲೇ ಚಿವುಟುತ್ತಿದ್ದರೆ ಉಳಿದ ಗೆಡ್ಡೆ ಸೊರಗುತ್ತದೆ.

ಕಳೆನಾಶಕದ ವಿಷಯದಲ್ಲಿ ಎಚ್ಚರ

ಅಂಗಡಿಯವರು ಕೊಟ್ಟ ಕಳೆನಾಶಕ ಸಿಂಪಡಿಸುವುದು ಸುಲಭವೆನಿಸುತ್ತದೆ, ಆದರೆ ಗಡಿಯ ಬೇಲಿಗೆ ನಾನದನ್ನು ಸೂಚಿಸುವುದಿಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. 2,4-ಡಿ ಎಂಬ ಕಳೆನಾಶಕದ ಹನಿ ಮತ್ತು ಆವಿ ಗಾಳಿಯೊಡನೆ ಸಾಗಿ ಹತ್ತಿ, ಟೊಮೆಟೊ, ದ್ರಾಕ್ಷಿಗಳನ್ನು ಕೆಡಿಸುತ್ತವೆ; ಹತ್ತಿಯ ಎಲೆ ಬೆಂಡೆಯ ಎಲೆಯಂತೆ ಸೀಳಿ ಕಿರಿದಾಗುವುದನ್ನು ರಾಯಚೂರು ಕಡೆಯ ರೈತರು ಬಲ್ಲರು. ನಿಮ್ಮ ಬದಿಯ ಎಲೆಗೆ ಬಿದ್ದ ಔಷಧಿ ಬಳ್ಳಿಯೊಳಗೆ ಹರಿದು ನೆರೆಯವರ ಬುಡವನ್ನು ಕೊಂದರೆ ನಷ್ಟದ ಹೊಣೆಯೂ ನಿಮ್ಮ ಮೇಲೆ ಬರಬಹುದು. ಉಪ್ಪು ಸುರಿಯುವ ಹಳೆಯ ಉಪಾಯ ಇನ್ನೂ ಕೆಟ್ಟದ್ದು. ನೀರು ಬಸಿಯದ ಎರೆನೆಲದಲ್ಲಿ ಉಪ್ಪು ಉಳಿದುಬಿಡುತ್ತದೆ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಹತ್ತಿದ ಹೊಲಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆಗೆದ ಬಳ್ಳಿ ಮತ್ತು ಬೇಲಿಯ ದುರಸ್ತಿ

ಹಸಿ ತುಂಡುಗಳನ್ನು ತಿಪ್ಪೆಗಾಗಲಿ ಹಳ್ಳದ ದಂಡೆಗಾಗಲಿ ಎಸೆಯಬಾರದು, ಬಿದ್ದಲ್ಲೇ ಬೇರು ಬಿಡುತ್ತವೆ. ಬಂಡೆ ಅಥವಾ ಮಾಳಿಗೆಯ ಮೇಲೆ ಹರವಿ, ಮುರಿದರೆ ಪಟ್ಟನೆ ತುಂಡಾಗುವಷ್ಟು ಒಣಗಿಸಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ರಬ್ಬರ್ ಬಳ್ಳಿಯನ್ನು ದನ-ಮೇಕೆಗಳ ಬಾಯಿಗೆ ಸಿಗದಂತೆ ಒಣಗಿಸಿ ಆಳವಾಗಿ ಹೂಳಬೇಕು.

ಬೇಲಿ ಬಯಲಾದ ಮೇಲೆ ತುಕ್ಕು ಹತ್ತಿದ ಭಾಗವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಸತುವಿನ ಪ್ರೈಮರ್ ಬಳಿಯಿರಿ. ವಾಲಿದ ಕಂಬವನ್ನು ಬರಿದೇ ನೂಕಿ ನೆಟ್ಟಗೆ ಮಾಡಿದರೆ ಮುಂದಿನ ಮಳೆಗೆ ಮತ್ತೆ ವಾಲುತ್ತದೆ. ಬುಡದ ಎರೆಮಣ್ಣನ್ನು ಎರಡೂವರೆ ಅಡಿ ಆಳದವರೆಗೆ ತೆಗೆದು, ಗರಸು ಮತ್ತು ಕಲ್ಲುಚೂರುಗಳನ್ನು ಪದರಪದರವಾಗಿ ತುಂಬಿ, ಪ್ರತಿ ಪದರವನ್ನೂ ಹಾರೆಯ ಹಿಂಬದಿಯಿಂದ ಕುಟ್ಟಿ ಬಿಗಿ ಮಾಡಬೇಕು. ಮೂಲೆಯ ಕಂಬಕ್ಕೆ ಓರೆಯಾಗಿ ಆಸರೆ ಕಂಬ ಕೊಟ್ಟ ನಂತರವೇ ಜಾಲರಿಯನ್ನು ಎಳೆದು ಕಟ್ಟಿ.

ಬೇಲಿಯ ನಿಮ್ಮ ಬದಿಯಲ್ಲಿ ಒಂದೂವರೆ ಅಡಿ ಅಗಲದ ಪಟ್ಟಿಯಲ್ಲಿ ಏನನ್ನೂ ನೆಡದೆ ಖಾಲಿ ಬಿಡಿ, ಓಡಾಡಿ ನೋಡಲು ಜಾಗವಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಆ ಪಟ್ಟಿಯಲ್ಲಿ ನಡೆದು, ಜಾಲರಿಗೆ ಸುತ್ತಿದ ಎಳೆಗುಡಿಗಳನ್ನು ಬಿಡಿಸಿ ನೆರೆಯವರ ಬದಿಗೆ ತಿರುಗಿಸಿದರೆ ಸಾಕಾಗುತ್ತದೆ. ಬೇಲಿ ಹಸಿರಾಗಿರಬೇಕೆಂಬ ಆಸೆ ಅವರಿಗಿದ್ದರೆ ಹೀರೆ, ಹಾಗಲ, ಅವರೆಯ ಬೀಜ ಕೊಡಿ. ಅವು ಫಸಲು ಮುಗಿದೊಡನೆ ಒಣಗುವುದರಿಂದ ಸಂಕ್ರಾಂತಿ ಕಳೆದ ಮೇಲೆ ಬೇಲಿಯನ್ನು ಪೂರ್ತಿ ಬರಿದು ಮಾಡಿ ತಂತಿಯನ್ನು ಮತ್ತೊಮ್ಮೆ ಬಿಗಿಸಿಕೊಳ್ಳಬಹುದು.